ಈಜುಕೊಳದಲ್ಲಿ ದಾಸ್ತಾನಿಟ್ಟ ಎಚ್ಚರಿಕೆ

ನಗರಸಭೆಯ ಮುಖ್ಯಾಧಿಕಾರಿಯ ಕುರ್ಚಿಯಲ್ಲಿ ಸದ್ಯಕ್ಕೆ ಆಸೀನರಾಗಿರುವ ಮಾನ್ಯರೇ,

ಮುಚ್ಚಿರುವ ಸಾರ್ವಜನಿಕ ಈಜುಕೊಳದೊಳಕ್ಕೆ ನಾನೂ ನನ್ನ ಗಂಡನೂ ಅತಿಕ್ರಮವಾಗಿ ಪ್ರವೇಶಿಸಿದೆವು, ಅಲ್ಲಿಂದ ಸರ್ಕಾರಿ ಸ್ವತ್ತಾದ ಒಂದು ಹಲಗೆಯನ್ನು ಹೊತ್ತೊಯ್ದೆವು ಎಂದು ತಮ್ಮ ಕಚೇರಿಯಿಂದ ನೋಟಿಸು ಬಂದಿದೆ. ಎರಡೂ ನಿಜ. ವಿಚಾರಣೆಗೆ ಕರೆದರೆ ಇದನ್ನೇ ಹೇಳುತ್ತೇವೆ. ನನ್ನ ತಕರಾರು ಬೇರೆ. ನಾವು ಆ ಹಲಗೆಯನ್ನು ನೆಟ್ಟಿದ್ದ ಜಾಗದಿಂದ ತಮ್ಮ ಸಿಬ್ಬಂದಿ ಅದನ್ನು ಕಿತ್ತು ಒಯ್ದಿದ್ದಾರೆ. ಅದನ್ನು ಅಲ್ಲೇ ಮತ್ತೆ ನೆಡಿಸಿ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಕಚೇರಿಗೆ ಬಂದು ಹೇಳಬಹುದಿತ್ತು. ಬಂದೆ. ತಾವು ಸಭೆಯಲ್ಲಿದ್ದಿರಿ. ಮತ್ತೆ ಬಂದೆ. ಸಭೆ ಇನ್ನೂ ನಡೆಯುತ್ತಿತ್ತು.

ನಾನು ಬಟ್ಟೆ ಹೊಲಿಯುವವಳು. ನನ್ನ ನಾದಿನಿ ಬಸ್ ಕಂಡಕ್ಟರ್ ಆಗಿದ್ದಳು. ಮದುವೆ ಬೇಡವೆಂದು ನಮ್ಮ ಜೊತೆಗೇ ಇದ್ದವಳು. ಜಗಳವೆಲ್ಲ ಅಣ್ಣನ ಹತ್ತಿರ, ಗುಟ್ಟೆಲ್ಲ ನನ್ನ ಹತ್ತಿರ. ದಿನವಿಡೀ ನಿಂತು ನಿಂತು ಅವಳ ಮಂಡಿ ಊದಿಕೊಳ್ಳುತ್ತಿತ್ತು. ಈಜಿದರೆ ಒಳ್ಳೆಯದು ಎಂದು ವೈದ್ಯರು ಹೇಳಿದರು. ನಗರಸಭೆಯ ಈಜುಕೊಳದಲ್ಲಿ ಮಧ್ಯಾಹ್ನ ಹೆಂಗಸರಿಗೆಂದೇ ಒಂದು ಹೊತ್ತಿತ್ತು. ಒಬ್ಬಳೇ ಹೋಗಲು ಸಂಕೋಚವೆಂದು ನನ್ನನ್ನೂ ಎಳೆದುಕೊಂಡು ಹೋದಳು. ಅಂಗಡಿಯಲ್ಲಿ ಸಿಗುವ ಈಜುಡುಗೆ ತೊಡಲು ಇಬ್ಬರಿಗೂ ನಾಚಿಕೆ. ನಾನೇ ಮಂಡಿ ಮುಚ್ಚುವಂಥದ್ದನ್ನು ಹೊಲಿದೆ. ಮೊದಲ ದಿನ ನೀರಿಗಿಳಿದ ಕೂಡಲೇ ಅವಳದ್ದು ಬಲೂನಿನ ಹಾಗೆ ಉಬ್ಬಿಕೊಂಡಿತು.

"ಅತ್ತಿಗೆ, ನಿಮ್ಮ ಹೊಲಿಗೆ ಇದ್ಮೇಲೆ ನಾನ್ಯಾಕೆ ಈಜೋದು ಕಲೀಬೇಕು? ಹಿಂಗೇ ತೇಲ್ತಾ ಇರ್ತೀನಿ ಬಿಡಿ" ಎಂದಳು. ನೀರಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಆಮೇಲೆ ಅವರಲ್ಲಿ ಅರ್ಧಕ್ಕರ್ಧ ಮಂದಿ ನನ್ನ ಹತ್ತಿರವೇ ಹೊಲಿಸಿಕೊಂಡರು.

ಅವಳು ಬೇಗ ಕಲಿತಳು. ಧೈರ್ಯವಂತೆ, ಆದರೆ ಹುಚ್ಚು ಧೈರ್ಯವಿರಲಿಲ್ಲ. ಎಲ್ಲಿ ಆಳ, ಎಲ್ಲಿ ಜಾರುತ್ತದೆ, ಕೆಳಗೇನಿದೆ, ಎಲ್ಲವನ್ನೂ ಕಾವಲಿನವಳ ಬಳಿ ಕೇಳಿಯೇ ಇಳಿಯುವಳು. ಕೇಳುವುದೇ ಅವಳ ಕಸುಬಲ್ಲವೇ.

ಒಂದು ದಿನ ಗೇಟಿಗೆ ಬೀಗ ಬಿತ್ತು. "ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ತಾತ್ಕಾಲಿಕವಾಗಿ ಮುಚ್ಚಲಾಗಿದೆ." ಎಂಥ ಕಾಳಜಿ! ಸುರಕ್ಷತೆಯ ಕೆಲಸ ಶುರುವಾಗುವುದನ್ನೇ ಕಾಯುತ್ತ ನಮಗೆ ಎರಡು ಬೇಸಿಗೆ ಕಳೆದವು. ಅವಳ ಮಂಡಿ ಮತ್ತೆ ಊದಿತು. ಊರಾಚೆ ಕೆಲಸ ನಿಲ್ಲಿಸಿದ ಕಲ್ಲುಕ್ವಾರಿ ಇದೆ, ಅದರ ಹೊಂಡದಲ್ಲಿ ಮಳೆನೀರು ತುಂಬಿ ನಿಂತಿದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ರಜೆಯ ದಿನ ಅವಳು ಅಲ್ಲಿಗೆ ಹೋದಳು. ನೀರಿನಡಿ ಹಳೆಯ ಯಂತ್ರವೊಂದರ ಕಬ್ಬಿಣದ ಹಗ್ಗವಿತ್ತು. ಕಾಲು ಅದಕ್ಕೆ ಸಿಕ್ಕಿಕೊಂಡಿತು.

ಸುದ್ದಿ ಬಂದಾಗ ನಾನು ರವಿಕೆಯೊಂದಕ್ಕೆ ತೋಳು ಕೂಡಿಸುತ್ತಿದ್ದೆ. ತೋಳು ಕೂಡಿಸಿ ಮುಗಿಸಿದೆ. ದಾರ ಕತ್ತರಿಸಿದೆ. ಆಮೇಲೆ ಎದ್ದೆ. ಆವತ್ತೂ ಅಳಲಿಲ್ಲ, ಈವತ್ತಿನವರೆಗೂ ಅತ್ತಿಲ್ಲ. ಹೊಲಿಯುತ್ತೇನೆ, ಅಡುಗೆ ಮಾಡುತ್ತೇನೆ, ಯಾರಾದರೂ ನಕ್ಕರೆ ನಾನೂ ನಗುತ್ತೇನೆ. ಸೂಜಿ ಚುಚ್ಚಿದರೆ ರಕ್ತ ಕಂಡ ಮೇಲೆ ಗೊತ್ತಾಗುತ್ತದೆ. ನನ್ನ ಗಂಡ ಮಾತನ್ನೇ ಬಿಟ್ಟರು. ಉಪ್ಪು ಬೇಕಾದರೂ ಕೈ ತೋರಿಸುವರು, ಅಷ್ಟೇ.

ತಿಂಗಳುಗಳಾದ ಮೇಲೆ ಒಂದು ಭಾನುವಾರ ಊಟ ಮಾಡುತ್ತ ಅವರೇ ಬಾಯಿ ಬಿಟ್ಟರು. "ಅವಳು ಈಜ್ತಿದ್ದ ಜಾಗ ನಾನು ನೋಡೇ ಇಲ್ಲ."

ಹೌದು, ನೋಡಿರಲಿಲ್ಲ. ಹೆಂಗಸರ ಹೊತ್ತೆಂದು ನಮ್ಮಿಬ್ಬರನ್ನೂ ಗೇಟಿನ ತನಕ ಬಿಟ್ಟು ಹೋಗುತ್ತಿದ್ದರು. "ತೋರಿಸ್ತೀನಿ, ನಡೀರಿ" ಎಂದೆ.

ತಮ್ಮ ನೋಟಿಸಿನಲ್ಲಿ 'ಗೋಡೆ ಒಡೆದು' ಎಂದಿದೆ. ಒಡೆಯುವ ಕಷ್ಟ ನಮಗೆ ಬರಲಿಲ್ಲ. ಪಂಪಿನ ಕೋಣೆಯ ಹಿಂದೆ ಗೋಡೆ ತಾನಾಗಿಯೇ ಬಿದ್ದಿತ್ತು, ಹಸುವೊಂದು ನಮಗಿಂತ ಮೊದಲೇ ಒಳಗಿತ್ತು. ನಡು ಮಧ್ಯಾಹ್ನದ ಬಿಸಿಲು. ಬಟ್ಟೆ ಬದಲಿಸುವ ಕೋಣೆಯ ಕೊಕ್ಕೆಗಳಿಗೆ ಜೇಡ ಬಲೆ ಕಟ್ಟಿತ್ತು. ಕನ್ನಡಿಯ ಪಾದರಸ ಎದ್ದು ಹೋಗಿ ಮುಖ ಅರ್ಧವೇ ಕಾಣುತ್ತಿತ್ತು. ಸ್ನಾನದ ನಲ್ಲಿಯ ಕೆಳಗೆ ನೀರು ಹೋಗುವ ಜಾಲರಿಯಿಂದ ಒಂದು ಗಿಡ ಎದ್ದು ಸೊಂಟದೆತ್ತರ ಬೆಳೆದಿತ್ತು. ಇಷ್ಟಾದರೂ ಬ್ಲೀಚಿಂಗ್ ಪೌಡರಿನ ವಾಸನೆ ಹೋಗಿರಲಿಲ್ಲ. ಅವಳ ಕೂದಲಿಗೆ ಆ ವಾಸನೆ ಇರುತ್ತಿತ್ತು. ಏನಾದರೂ ಅನಿಸಬಹುದು ಎಂದು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಏನೂ ಅನಿಸಲಿಲ್ಲ.

ಕೊಳ ಒಣಗಿತ್ತು. "ಎಲ್ಲಿ ಕಲಿತ್ಲು?" ಎಂದು ಕೇಳಿದರು. ಆಳ ಕಡಿಮೆಯಿರುವ ಮೂಲೆ ತೋರಿಸಿದೆ. ಏಣಿಯಿಂದ ಇಳಿದರು. ನೀಲಿ ಹಂಚಿನ ಮೇಲೆ ಚಪ್ಪಲಿ ಸದ್ದು ಮಾಡುತ್ತ ಇಳಿಜಾರಿನಲ್ಲಿ ಆಳದ ಕಡೆ ನಡೆದರು. ಅಲ್ಲಿ ಟಾರ್ಪಾಲು ಹೊದಿಸಿ ಏನನ್ನೋ ಒಟ್ಟಿದ್ದರು. ಅದನ್ನು ಸರಿಸಿದರು. ಕಬ್ಬಿಣದ ಕಾಲುಗಳಿದ್ದ ಹೊಸ ಹಲಗೆಗಳು. ಮೇಲಿನದರ ಧೂಳನ್ನು ಕೈಯಿಂದ ಒರೆಸಿದರು. ನಾನೂ ಇಳಿದು ಹೋದೆ. ಆಗ ಅವರು ಅಕ್ಷರ ಕಲಿಯುವವರ ಹಾಗೆ ತಡೆದು ತಡೆದು ಗಟ್ಟಿಯಾಗಿ ಓದಿದರು:

"ಎಚ್ಚರಿಕೆ. ಹಳೆಯ ಕ್ವಾರಿ ಹೊಂಡ. ನೀರಿನಡಿ ಯಂತ್ರದ ಕಬ್ಬಿಣದ ಹಗ್ಗಗಳಿವೆ. ಯಾರೂ ಇಳಿಯಬಾರದು."

ಕೆಳಗೆ ತಮ್ಮ ಕಚೇರಿಯ ಮುದ್ರೆ, ಇಸವಿ. ಅವಳು ಸಾಯುವುದಕ್ಕೆ ಹಿಂದಿನ ವರ್ಷದ್ದು.

ಮಾನ್ಯರೇ, ಸುಳ್ಳು ಹೇಳಲಾರೆ. ಬರೀ 'ಇಳಿಯಬಾರದು' ಎಂದಿದ್ದರೆ ಅವಳು ನಕ್ಕು ಇಳಿದೇ ಇಳಿಯುತ್ತಿದ್ದಳು. ಬಸ್ಸಿನಲ್ಲಿ 'ಬಾಗಿಲಲ್ಲಿ ನಿಲ್ಲಬಾರದು' ಎಂಬುದನ್ನು ಯಾರು ಕೇಳುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಕಬ್ಬಿಣದ ಹಗ್ಗವಿದೆ ಎಂದು ತಿಳಿದಿದ್ದರೆ ಇಳಿಯುತ್ತಿರಲಿಲ್ಲ. ಆ ಹೊಂಡದ ದಂಡೆಯಲ್ಲಿ ಕೇಳುವುದಕ್ಕೆ ಯಾರೂ ಇರಲಿಲ್ಲ. ಉತ್ತರ ಬರೆಸಿ, ಬಣ್ಣ ಹೊಡೆಸಿ, ಮುದ್ರೆ ಹಾಕಿಸಿ, ಮಳೆ ತಾಗದ ಹಾಗೆ ಟಾರ್ಪಾಲು ಹೊದಿಸಿ ಈಜುಕೊಳದ ತಳದಲ್ಲಿ ತಾವು ಜೋಪಾನ ಮಾಡಿದ್ದಿರಿ. ಯಾವ ಶುಭಮುಹೂರ್ತಕ್ಕೆಂದು ಕಾಯುತ್ತಿದ್ದಿರಿ? ಉದ್ಘಾಟನೆಗೆ ಅತಿಥಿಗಳು ಸಿಕ್ಕಿರಲಿಲ್ಲವೇ?

"ಒಂದ್ ಕಡೆ ಹಿಡ್ಕೋ" ಎಂದರು ನನ್ನ ಗಂಡ. ಹಿಡಿದೆ. ಅದೇ ಬಿದ್ದ ಗೋಡೆಯಿಂದ ಆಚೆ ತಂದೆವು. ರಸ್ತೆಯಲ್ಲಿ ಸಿಕ್ಕ ಗೂಡ್ಸ್ ಗಾಡಿಯವನು "ಏನಕ್ಕ ಇದು?" ಎನ್ನುತ್ತ ಬಗ್ಗಿ ಓದಿದ. ಆಮೇಲೆ ಹಲಗೆಯ ಜೊತೆ ನಮ್ಮನ್ನೂ ಹತ್ತಿಸಿಕೊಂಡ. ಕ್ವಾರಿಯ ಹತ್ತಿರ ಹಾರೆ ಹಿಡಿದು ಗುಂಡಿಯನ್ನೂ ಅವನೇ ತೋಡಿದ. ಹಲಗೆ ನಿಂತಿತು.

ನಾಲ್ಕಾರು ದಿನ ನಿಂತಿತ್ತು. ಅಷ್ಟರಲ್ಲಿ ತಮ್ಮ ಕಚೇರಿಗೆ ಇದ್ದಕ್ಕಿದ್ದಂತೆ ಕೈಕಾಲು ಬಂದವು. ಜೀಪು ಬಂತು, ಜನ ಬಂದರು, ಫೋಟೋ ತೆಗೆದರು, ಕಳುವಾದ ಸ್ವತ್ತನ್ನು ಕಿತ್ತುಕೊಂಡು ಮತ್ತೆ ಒಣಕೊಳಕ್ಕೆ ತಲುಪಿಸಿದರು. ಬಿದ್ದ ಗೋಡೆಯನ್ನೂ ಕಟ್ಟಿಸಿದ್ದೀರಂತೆ. ಎಲ್ಲ ಸೇರಿ ಒಂದು ವಾರ. ತಮ್ಮ ಕಚೇರಿ ಮನಸ್ಸು ಮಾಡಿದರೆ ಇಷ್ಟು ಚುರುಕು ಎಂದು ಗೊತ್ತಿದ್ದರೆ ಮೊದಲೇ ಕದಿಯುತ್ತಿದ್ದೆವು.

ಈಗ ನನ್ನ ಕೋರಿಕೆ. ಈಜುಕೊಳವನ್ನು ತೆರೆಯಿರಿ, ಅದಕ್ಕೆ ಹೊತ್ತು ಬೇಕೆನ್ನುವುದಾದರೆ ತೆಗೆದುಕೊಳ್ಳಿ, ಕಾದು ಅಭ್ಯಾಸವಾಗಿದೆ. ಹಲಗೆಗಳನ್ನು ಮಾತ್ರ ನಾಳೆಯೇ ನೆಡಿಸಿ. ಬಿಸಿಲು ಏರಿದೆ, ಪರೀಕ್ಷೆ ಮುಗಿದ ಹುಡುಗಿಯರು ಗುಂಪು ಕಟ್ಟಿಕೊಂಡು ಆ ಕಡೆ ನಡೆಯತೊಡಗಿದ್ದಾರೆ. ತಾವು ನೆಡಿಸುವವರೆಗೆ ನನ್ನ ಗಂಡ ಕೆಲಸ ಮುಗಿದ ಮೇಲೆ ದಿನವೂ ಹೋಗಿ ಹೊಂಡದ ದಂಡೆಯಲ್ಲಿ ನಿಲ್ಲುತ್ತಾರೆ. ಬಂದವರಿಗೆ ಹಲಗೆಯಲ್ಲಿದ್ದುದನ್ನು ಹೇಳುತ್ತಾರೆ. ಮನೆಯಲ್ಲಿ ಇನ್ನೂ ಮಾತಿಲ್ಲ. ಅಲ್ಲಿ ಮಾತ್ರ ಅಷ್ಟು ಸಾಲು, ಒಬ್ಬೊಬ್ಬರಿಗೂ, ಗಟ್ಟಿಯಾಗಿ. ಇದೂ ಅಪರಾಧವೇ ಆಗಿದ್ದರೆ ಜೀಪು ಕಳಿಸಿ. ಅವರನ್ನು ಎತ್ತಿಕೊಂಡು ಹೋಗುವ ಮೊದಲು ಆ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಲು ಹೇಳಿ.

ಇಂತಿ,
ದಂಡೆಯಲ್ಲಿ ನಿಂತ ಆ ಮನುಷ್ಯನಿಗೆ ಸಂಜೆ ಫ್ಲಾಸ್ಕಿನಲ್ಲಿ ಟೀ ಒಯ್ದು ಕೊಡುವವಳು