ಈರುಳ್ಳಿ ಹೆಚ್ಚುವ ದೃಶ್ಯದಲ್ಲಿ ನಿಮ್ಮ ಮೌನ

ಮಸಾಕಾ
ಗುರುವಾರ, ಆಗಸ್ಟ್ ೧೪

ಪ್ರೀತಿಯ ಸಾಲೊಂಗೊ,

ನಿಮ್ಮ ನಾಲೊಂಗೊ ಮಂಡಿಯೂರಿ ಮಾಡುವ ನಮಸ್ಕಾರ. ಕಾಗದದ ಮೇಲೆ ಮಂಡಿ ನೋಯುವುದಿಲ್ಲ, ಅದಕ್ಕೇ ಇಷ್ಟು ಧಾರಾಳ. ನೀವು ಫೋನ್ ಎತ್ತಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಎತ್ತಲಿಲ್ಲವಲ್ಲ, ಈಗ ಇಷ್ಟುದ್ದ ಓದಿ.

ಅವಳಿ ಮಕ್ಕಳನ್ನು ಹೆತ್ತವರೆಂದು ಊರು ನಮಗೆ ಕೊಟ್ಟ ಈ ಹೆಸರುಗಳು ಇನ್ನೂ ನಡೆಯುತ್ತಿವೆ. ನಮ್ಮ ದೊಡ್ಡವಳು ಬಬಿರ್ಯೆ ಹಾರಿಹೋದ ಮೇಲೂ ಮಾರುಕಟ್ಟೆಯಲ್ಲಿ ಎಲ್ಲರೂ ನನ್ನನ್ನು ನಾಲೊಂಗೊ ಎಂದೇ ಕೂಗುತ್ತಾರೆ. ಕೂಗಿದಾಗಲೆಲ್ಲ ಓಗೊಡುತ್ತೇನೆ.

ಹೋದ ವಾರ ನಸ್ಸೋಲೊ ಜಡೆ ಹಾಕಿಸಿಕೊಳ್ಳಲು ನನ್ನ ಅಂಗಡಿಗೆ ಬಂದಿದ್ದಳು. ಎಂಬಾರಾರಾದಿಂದ ಬಟ್ಟೆ ತಂದು ಮಾರುತ್ತಾಳಲ್ಲ, ಅವಳೇ. ಜೊತೆಗೆ ಅಲ್ಲಿನ ವಿಡಿಯೊ ಹಾಲಿನಲ್ಲಿ ಮೈಕಿನವನ ಮಾತಿನ ಸಮೇತ ತುಂಬಿಸಿದ ಒಂದು ಸಿನಿಮಾ ಡಿಸ್ಕ್ ತಂದಿದ್ದಳು. "ಇದ್ರಲ್ಲಿ ಮೈಕ್ ಹಿಡಿದಿರೋನು ಯಾರೋ ಏನೋ, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು ಕಣೇ," ಅಂದಳು. ಹಾಕಿದೆ. ಎರಡು ಮಾತು ಕೇಳುವಷ್ಟರಲ್ಲಿ ಬಾಚಣಿಗೆ ಕೈಜಾರಿತು. ನಿಮ್ಮ ದನಿ! "ಏನೇ, ಗರ ಬಡಿದೋರ ಹಾಗೆ ನಿಂತ್ಯಲ್ಲ?" ಅಂದಳು. ಕೈ ಸೋತಿದೆ ಅಂದೆ. ಡಿಸ್ಕನ್ನು ಮಾತ್ರ ವಾಪಸ್ಸು ಕೊಡಲಿಲ್ಲ.

ಅದು ಯಾವ ದೇಶದ ಸಿನಿಮಾವೋ. ಆ ಭಾಷೆಯ ಒಂದಕ್ಷರವೂ ನಿಮಗೆ ಬರುವುದಿಲ್ಲವೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು! ಪರದೆಯ ಮೇಲಿನವರು ಬಾಯಾಡಿಸುತ್ತಾರೆ, ನೀವು ನಮ್ಮ ಭಾಷೆಯಲ್ಲಿ ಮನಸ್ಸಿಗೆ ಬಂದದ್ದನ್ನು ಹೇಳುತ್ತೀರಿ. ವಿಡಿಯೊ ಹಾಲಿನ ಜನ ಅದನ್ನೇ ಅನುವಾದ ಅಂದುಕೊಂಡು ಚಪ್ಪಾಳೆ ಹೊಡೆಯುತ್ತಾರೆ. ಹಾಗಾಗಿ ಅದರಲ್ಲಿರುವ ಮಾತೆಲ್ಲ ನಿಮ್ಮದೇ ಎಂದು ತಿಳಿದು ಕೇಳಿದೆ.

ಆ ಡೊಳ್ಳುಹೊಟ್ಟೆಯವನು ಆಳೆತ್ತರದ ಕನ್ನಡಿ ಹೊತ್ತು ಸಂತೆಯಲ್ಲಿ ನಡೆಯುತ್ತಾನಲ್ಲ. ಎದುರಿಗೆ ಬಂದವರೆಲ್ಲ ನಿಂತು ತಲೆ ಬಾಚಿಕೊಳ್ಳುತ್ತಾರೆ, ಒಬ್ಬಳು ಹಲ್ಲಿನ ಸಂದಿಯ ಸೊಪ್ಪು ತೆಗೆಯುತ್ತಾಳೆ. ಅವನು ಕನ್ನಡಿಯ ಹಿಂದೆ ಭಾರ ಹೊತ್ತು ಒದ್ದಾಡುತ್ತಾನೆ. ಅಲ್ಲಿ ನೀವು, "ನೋಡ್ರಪ್ಪಾ, ಊರಿನ ಮುಖಾನೆಲ್ಲ ಹೊರೋನಿಗೆ ತನ್ನ ಮುಖ ಮಾತ್ರ ಕಾಣಲ್ಲ," ಅಂದಿರಿ. ನಸ್ಸೋಲೊ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಮನೆಯಲ್ಲೂ ನೀವು ಹೀಗೇ. ಬಾಳೆಕಾಯಿ ಸುಲಿಯುತ್ತ ಸಿಪ್ಪೆಗೊಂದು ತತ್ವ, ತಿರುಳಿಗೊಂದು ತತ್ವ. ತತ್ವ ಸಾಕು, ತಟ್ಟೆ ತೊಳೀರಿ ಅನ್ನುತ್ತಿದ್ದೆ. ಈಗ ತಟ್ಟೆ ನಾನೇ ತೊಳೆಯುತ್ತೇನೆ, ತತ್ವ ಹೇಳುವವರಿಲ್ಲ.

ಆಮೇಲೆ ಈರುಳ್ಳಿಯ ದೃಶ್ಯ. ಅದೇ ಹೊಟ್ಟೆಯವನು ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತ ಕಣ್ಣೀರು ಸುರಿಸುತ್ತಾನೆ. ಪಾಪ ಯಾರೋ ತೀರಿಕೊಂಡಿರಬೇಕೆಂದು ಹೋಟೆಲಿನವಳು ಅಳುತ್ತಾಳೆ, ಅವಳನ್ನು ನೋಡಿ ಅಡುಗೆಯವರು, ಅವರನ್ನು ನೋಡಿ ಗಿರಾಕಿಗಳು. ಯಾಕೆ ಅಳುತ್ತಿದ್ದೇವೆಂದು ಒಬ್ಬರಿಗೂ ಗೊತ್ತಿಲ್ಲ. ಅಂಥ ಜಾಗದಲ್ಲಿ ನೀವು ಸುಮ್ಮನಾಗಿಬಿಟ್ಟಿರಿ. ವಿಡಿಯೊ ಹಾಲಿನ ಜನ "ಮಾತಾಡೋ ಮಾರಾಯ, ನಿದ್ದೆ ಬಂತಾ?" ಎಂದು ಸಿಳ್ಳೆ ಹೊಡೆದದ್ದೂ ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ ಅಂದಿರಿ: "ಇವನ ಪುಣ್ಯ, ಕೈಯಲ್ಲಿ ಈರುಳ್ಳಿ ಇದೆ. ಈರುಳ್ಳಿ ಇಲ್ದೋನು ಏನ್ ಮಾಡ್ಬೇಕು?"

ಎಲ್ಲರೂ ನಕ್ಕರು. ನೀವು ಅಳುತ್ತಿದ್ದಿರಿ. ನನಗೆ ಗೊತ್ತಾಗುವುದಿಲ್ಲವೇ?

ಬಬಿರ್ಯೆಯನ್ನು ಮಣ್ಣಿಗಿಟ್ಟ ದಿನವೂ ನೀವು ಅತ್ತಿರಿ. ಅವಳಿ ಹಾರಿದರೆ ಅಳಬಾರದು, ಸತ್ತಿತು ಎಂದೂ ಅನ್ನಬಾರದು. ಅದು ನಿಮಗೆ ಗೊತ್ತಿಲ್ಲದ್ದಲ್ಲ, ತಡೆಯಲಾಗಲಿಲ್ಲ ಅಷ್ಟೆ. ನಿಮ್ಮ ಸೋದರತ್ತೆ ಎಲ್ಲರೆದುರಿಗೆ ಬಾಯಿ ಮಾಡಿದರು: "ಏಯ್, ಬಾಯ್ಮುಚ್ಚು! ಹೀಗೆ ಅತ್ತು ಅತ್ತು ಉಳಿದವಳನ್ನೂ ಕಳಿಸಿಬಿಡ್ತೀಯಾ?" ಅದೇ ವಾರ ಚಿಕ್ಕವಳು ನಕಾತೊಗೆ ಜ್ವರ ಬಂತು. ನಮ್ಮ ಬೀದಿಗೆಲ್ಲ ಬಂದಿದ್ದ ಸೊಳ್ಳೆ ಜ್ವರ ಅದು, ಆಸ್ಪತ್ರೆಯಲ್ಲಿ ಇಳಿಯಿತು. ಆದರೆ ಇಳಿಯುವ ಮೊದಲೇ ನೀವು ಬ್ಯಾಗು ಹೆಗಲಿಗೇರಿಸಿದ್ದಿರಿ. "ಯಾವಾಗ ನೀರು ಸುರಿಸುತ್ತೋ, ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ. ನಾನು ದೂರ ಇದ್ರೆ ಇವಳು ಉಳೀತಾಳೆ," ಅಂದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಮಣ್ಣಿಗಿಟ್ಟ ದಿನ ನಾನು ಅಳಲಿಲ್ಲ. ನಿಮ್ಮ ಅದೇ ಸೋದರತ್ತೆ ಗಟ್ಟಿಗಿತ್ತಿ ಎಂದು ಬೆನ್ನು ತಟ್ಟಿದರು. ಆ ಹೊಗಳಿಕೆ ಹೊತ್ತುಕೊಂಡು ನಾನೊಬ್ಬಳೇ ಓಡಾಡುತ್ತಿದ್ದೇನೆ. ಅಳುವವರ ಜೊತೆ ಕೂರುವಂತಿಲ್ಲ, ನಗುವವರ ಜೊತೆ ನಗು ಬರುವುದಿಲ್ಲ. ನೀವಿಲ್ಲದೆ ನನಗೆ ಆಗುತ್ತಿಲ್ಲ. ಬಿಂಕ ಬಿಟ್ಟು ಬರೆದಿದ್ದೇನೆ, ನಗಬೇಡಿ.

ನಕಾತೊ ಎತ್ತರವಾಗಿದ್ದಾಳೆ. ಕಡಲೆಕಾಯಿ ಗೊಜ್ಜು ಕಂಡರೆ ತಟ್ಟೆಗೇ ಮುಖ ಇಡುತ್ತಾಳೆ. ನಿಮ್ಮ ದನಿ ಕೇಳಿ, "ಅಪ್ಪ ಯಾಕೆ ಬೇರೆಯೋರ ಬಾಯಲ್ಲಿ ಮಾತಾಡ್ತಾರೆ?" ಎಂದಳು. ಬಂದಾಗ ಅವರನ್ನೇ ಕೇಳು ಅಂದೆ.

ಈರುಳ್ಳಿ ಇಲ್ಲದವನು ಏನು ಮಾಡಬೇಕೆಂದು ಮೈಕಿನಲ್ಲಿ ಊರಿಗೆಲ್ಲ ಕೇಳಿದಿರಿ. ನಾನು ಹೇಳುತ್ತೇನೆ, ಕೇಳಿ: ಮನೆಗೆ ಬರಬೇಕು.

ಈ ಪತ್ರವನ್ನು ನಸ್ಸೋಲೊ ಕೈಯಲ್ಲಿ ಆ ವಿಡಿಯೊ ಹಾಲಿಗೇ ಕಳಿಸುತ್ತಿದ್ದೇನೆ. ಮೈಕಿನವನು ಯಾರೆಂದು ಅವಳಿಗೆ ಈಗ ಗೊತ್ತಾಗುತ್ತದೆ, ಗೊತ್ತಾಗಲಿ ಬಿಡಿ.

ಬೈದರೂ ನಿಮ್ಮವಳೇ ಆದ,
ನಾಲೊಂಗೊ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಭಾನುವಾರ ಮಧ್ಯಾಹ್ನ ನಾನೂ ಅತ್ತುಬಿಟ್ಟೆ, ಬಬಿರ್ಯೆಯ ಹೆಸರು ಹಿಡಿದು, ಗಟ್ಟಿಯಾಗಿ. ನಕಾತೊ ನನ್ನ ಮಡಿಲಲ್ಲೇ ಮಲಗಿದ್ದಳು. ಕಣ್ಣೀರು ಅವಳ ಕೆನ್ನೆಯ ಮೇಲೂ ಬಿತ್ತು. ಒರೆಸಲಿಲ್ಲ. ಆಮೇಲೆ ಹೆದರಿಕೆ ಶುರುವಾಯಿತು. ಗಳಿಗೆಗೊಮ್ಮೆ ಅವಳ ಹಣೆ ಮುಟ್ಟಿ ನೋಡಿದೆ. ಇವತ್ತು ಬೆಳಿಗ್ಗೆಯೂ ಮುಟ್ಟಿದೆ, ತಣ್ಣಗಿದೆ. ಈಗ ಪಕ್ಕದ ಮನೆಯ ಹುಂಜವನ್ನು ಅಟ್ಟಿಸಿಕೊಂಡು ಹೋಗಿದ್ದಾಳೆ, ಅವರು ಬೈಯುವುದು ಇಲ್ಲಿಗೆ ಕೇಳಿಸುತ್ತಿದೆ.