ಹೂರಣ ಮೂಸುವ ಹಕ್ಕು

ಜೂನ್ 23, ಸಂಜೆ

ಗಾಜಿನ ಜಾಡಿ ತೊಳೆದು ಬೋರಲು ಹಾಕಿದ್ದಾಯ್ತು. ಮರದ ಚಾಕು ಕೊನೆಗೂ ಸಿಕ್ತು, ಹಿಟ್ಟಿನ ಡಬ್ಬದ ಹಿಂದೆ. ನಾಳೆ ಸಂತ ಜೊವಾನ್ನಿ ಹಬ್ಬ. ಇಬ್ಬನಿ ಆರೋದ್ರೊಳಗೆ ಹಸಿ ಅಕ್ರೋಟು ಕೀಳಬೇಕು. ಹೆಂಗಸರೇ ಕೀಳಬೇಕು, ಬರಿಗಾಲಲ್ಲಿ, ಬೆಸ ಸಂಖ್ಯೆಯಲ್ಲಿ, ಕಬ್ಬಿಣ ಸೋಕಬಾರದು. ಇಲ್ಲದಿದ್ರೆ ಆ ಕಾಯಿ ನೆನೆಸಿ ಮಾಡೋ ಮದ್ಯ, ನೊಚೀನೊ, ಕೆಡುತ್ತಂತೆ. ಕೆಟ್ಟಿದ್ದನ್ನ ಯಾರೂ ನೋಡಿಲ್ಲ, ಯಾಕಂದ್ರೆ ಹಾಗೆ ಮಾಡಿ ನೋಡೋ ಧೈರ್ಯ ಯಾರಿಗೂ ಇಲ್ಲ.

ಕಾಫಿ ಕುಡಿದೆ. ಬಿಸಿ, ಕಹಿ. ಅಷ್ಟೇ. ಮಾರ್ಚ್‌ನಲ್ಲಿ ಬಂದ ಜ್ವರ ಹೋಗುವಾಗ ಮೂಗಿನ ವಾಸನೆ ಹಿಡಿಯೋ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಯ್ತು. ನಾಲಿಗೆಗೆ ಉಪ್ಪು ಗೊತ್ತು, ಹುಳಿ ಗೊತ್ತು, ಸಿಹಿ ಗೊತ್ತು. ಉಳಿದಿದ್ದೆಲ್ಲ ಮೂಗಿನ ಕೆಲಸವಂತೆ. "ಬಂದ್ರೆ ಬರಬಹುದು, ಬರದೇನೂ ಇರಬಹುದು" ಅಂದ್ರು ಡಾಕ್ಟರು. ಇಷ್ಟು ಹೇಳೋಕೆ ಡಾಕ್ಟರೇ ಆಗಬೇಕಿತ್ತಾ.

ಮನೇಲಿ ಯಾರಿಗೂ ಹೇಳಿಲ್ಲ. ಹೇಳಿದ್ರೆ ಕ್ರಿಸ್‌ಮಸ್ ಊಟ ಇವೊನ್ನೆ ಮನೆಗೆ ಹೋಗುತ್ತೆ. ನಾದಿನಿ ಹೊಸ ಅಡುಗೆಮನೆ ಮಾಡಿಸಿಕೊಂಡು ಕಾಯ್ತಾನೇ ಇದ್ದಾಳೆ. ಇವತ್ತು ಊಟ ಹೋದ್ರೆ ನಾಳೆ ಒಲೆನೂ ಹೋಗುತ್ತೆ. ಒಲೆ ಹೋದ್ಮೇಲೆ ಈ ಮನೇಲಿ ನಾನ್ಯಾರು? ಮೊದೆನಾ ಪೇಟೆಯಿಂದ ಬಂದ ಸೊಸೆ, ಕಣಕ ಲಟ್ಟಿಸೋಕೂ ಬಾರದವಳು. ನಲವತ್ತು ವರ್ಷದ ಹಿಂದೆ ಅತ್ತೆ ಆಡಿದ ಮಾತು. ಇನ್ನೂ ವಾಪಸ್ ತಗೊಂಡಿಲ್ಲ.

ಅತ್ತೆ ಒಲೆ ಪಕ್ಕದ ಕಿಟಕಿ ಮತ್ತೆ ತೆಗೆದಿಟ್ಟಿದ್ದಾರೆ. ಚಳಿಗಾಲದಲ್ಲೂ ಮುಚ್ಚೋಕೆ ಬಿಡಲ್ಲ. ಹಠ.

ಜೂನ್ 24

ಕಿತ್ತಿದ್ದಾಯ್ತು. ಅತ್ತೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ರು. ಎಂಬತ್ತೆಂಟು ವರ್ಷ, ಮಂಡಿ ಬಗ್ಗಲ್ಲ, ಬಾಯಿನೂ ಬಗ್ಗೋ ಪೈಕಿಯಲ್ಲ.

"ಆ ಕೊಂಬೆ ಬಿಡು ದೆಯಾನ್ನ. ಬಿಸಿಲು ಬೀಳದ ಕಾಯಿ ಕಿತ್ತು ಏನು, ಔಷಧಿ ಮಾಡ್ತೀಯಾ?"

"ಅಮ್ಮ, ಅತ್ತಿಗೆಗೆ ಪಾಪ ಎತ್ತರ ಸಾಲದು" ಅಂದ್ಲು ಇವೊನ್ನೆ. ಅವಳ 'ಪಾಪ' ಕೇಳಿದ್ರೆ ನನಗೆ ಮೈ ಉರಿಯುತ್ತೆ.

ಕಾಯಿ ಹೋಳು ಮಾಡ್ತಾ ಕೂತ್ವಿ. ಕೈಯೆಲ್ಲ ಕಪ್ಪು. ಇವೊನ್ನೆ ಬೆರಳು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ್ಲು. "ಆಹಾ, ವರ್ಷಪೂರ್ತಿ ಇದಕ್ಕೇ ಕಾಯ್ತೀನಿ." ನಾನೂ ಹಿಡಿದೆ, ನಾನೂ ಕಣ್ಣು ಮುಚ್ಚಿದೆ. ಖಾಲಿ. ಗೋಡೆಗೆ ಮೂಗಿಟ್ಟಂಗೆ. ಆ ಹಸಿ, ಒಗರು, ಮೆಣಸಿನಂಥ ಘಾಟು ನೆನಪಲ್ಲಿದೆ. ನೆನಪಿಂದಾನೇ "ಆಹಾ" ಅಂದೆ. ಕಣ್ಣು ತೆರೆದಾಗ ಅತ್ತೆ ನನ್ನನ್ನೇ ನೋಡ್ತಿದ್ರು.

ಸ್ಪಿರಿಟ್ಟು, ಸಕ್ಕರೆ, ಚೂರು ಚಕ್ಕೆ, ಲವಂಗ. ಜಾಡಿ ಬಿಸಿಲುಮಚ್ಚಿಗೆ ಹೋಯ್ತು.

ಜುಲೈ 19

ರಗೂ ತಳ ಹಿಡೀತು.

ಕೊಚ್ಚಿದ ಮಾಂಸ, ಟೊಮೇಟೊ, ಸಣ್ಣ ಉರಿ. ಮೂರು ಗಂಟೆ ಹೊತ್ತು ತನ್ನ ಪಾಡಿಗೆ ಬೇಯೋ ಪದಾರ್ಥ. ಪಕ್ಕದಲ್ಲೇ ಕೂತು ಬಟಾಣಿ ಬಿಡಿಸ್ತಿದ್ದೆ. ಎರ್ಮೆಸ್ ದ್ರಾಕ್ಷಿತೋಟದಿಂದ ಬಂದವನು ಬಾಗಿಲಲ್ಲೇ ನಿಂತ. "ಏನೇ ಇದು, ಮನೆಗೆ ಬೆಂಕಿ ಹಚ್ಚಿ ಬಟಾಣಿ ಬಿಡಿಸ್ತಿದ್ದೀಯಾ?"

ನಗ್ತಾ ಅಂದದ್ದು. ನನ್ನ ಗಂಡ ಒಳ್ಳೆಯವನು. ಆದ್ರೂ ಪಾತ್ರೆ ಉಜ್ಜುತ್ತಾ ಅತ್ತೆ. ಕಣ್ಣೀರು ಹಾಕಿದೆ ಅಂತ ಅರ್ಥ, ನನ್ನ ಅತ್ತೆ ಬೇರೆ. ಅತ್ತೆ ನನ್ನ ಎದುರಿಗೇ ಕೂತಿದ್ರು ಅಷ್ಟು ಹೊತ್ತೂ. ಸೀದ ವಾಸನೆ ಮೊದಲು ಅವರಿಗೇ ಬಂದಿರಬೇಕು. ತುಟಿ ಪಿಟಕ್ ಅನ್ನಲಿಲ್ಲ. ಸೊಸೆ ಮಗನ ಕೈಗೆ ಸಿಕ್ಕಿಬೀಳಲಿ ಅಂತ ಕಾದ್ರು. ಎಂಥ ಮನಸ್ಸು.

ಆಗಸ್ಟ್ 28

ನೊಚೀನೊ ಸೋಸಿದ್ದಾಯ್ತು. ಬಣ್ಣ ಒಳ್ಳೇ ಕಪ್ಪು, ಅಂಚಲ್ಲಿ ಹಸಿರು. ವಾಡಿಕೆಯಂತೆ ಮೊದಲ ಚಮಚ ಅತ್ತೆಗೆ. ಪ್ರತಿ ವರ್ಷ ಒಂದು ಕೊಂಕು ಇದ್ದೇ ಇರುತ್ತೆ. ಲವಂಗ ಜಾಸ್ತಿ, ಸಕ್ಕರೆ ಸುರಿದಿದ್ದೀಯ, ಕೆಮ್ಮಿನ ಸಿರಪ್ಪು. ಏಪ್ರನ್ ಬಿಗಿದು ಕಾದೆ.

"ಚೆನ್ನಾಗಿದೆ" ಅಂದ್ರು.

ಮತ್ತೆ ಕೇಳಿದೆ. "ಏನಂದ್ರಿ?"

"ಚೆನ್ನಾಗಿದೆ ಅಂದೆ. ಕಿವಿನೂ ಹೋಯ್ತಾ?"

'ನೂ' ಅಂದ್ರೆ ಏನು? ಇನ್ನೇನು ಹೋಗಿದೆ ಅಂತ ಗೊತ್ತು ಇವರಿಗೆ?

ಅಕ್ಟೋಬರ್ 30

ಎರಡು ತಿಂಗಳಾಯ್ತು ಬರೆದು. ಬರೆಯೋಕೆ ಏನಿದೆ? ಅಡುಗೆ ಮಾಡ್ತೀನಿ, ಅಭ್ಯಾಸಬಲ. ಊಟ ಮಾಡ್ತೀನಿ, ಹೊಟ್ಟೆಗೆ. ಮಳೆ ಬಿದ್ದ ಮೇಲೆ ಅಣಬೆ ಬಂತು, ಬೆಣ್ಣೇಲಿ ಬಾಡಿಸಿದೆ, ರಬ್ಬರ್ ಅಗಿದ ಹಾಗಿತ್ತು. ಸಂತೆಯಲ್ಲಿ ಮಾಗಿದ ಪೇರ್ ಹಣ್ಣು ಮೂಸಿ ಮೂಸಿ ಆರಿಸ್ತಿದ್ದವಳು ನಾನು. ಈಗ ಅಂಗಡಿಯವನು ಕೊಟ್ಟಿದ್ದು ತರ್ತೀನಿ. ದುಃಖ ಆಗುತ್ತೆ. ಹೇಳಿಕೊಳ್ಳೋಕೆ ನಾಚಿಕೆ, ಯಾಕಂದ್ರೆ ಕೈಕಾಲೆಲ್ಲ ಗಟ್ಟಿಯಾಗಿದೆಯಲ್ಲ.

ಅತ್ತೆ ಎಲ್ಲವನ್ನೂ ಹೊಗಳ್ತಿದ್ದಾರೆ. ಸೂಪು ಚೆನ್ನಾಗಿದೆ. ಕುಂಬಳಕಾಯಿ ಚೆನ್ನಾಗಿದೆ. ಎರ್ಮೆಸ್ ಹೆದರಿಬಿಟ್ಟ. "ಅಮ್ಮಂಗೆ ಏನೋ ಆಗಿದೆ ಕಣೇ. ಡಾಕ್ಟರಿಗೆ ಫೋನ್ ಮಾಡ್ಲಾ?" ಡಾಕ್ಟರು ಬಂದ್ರು, ಬಿಪಿ ನೋಡಿದ್ರು, ಕುದುರೆ ಥರ ಇದ್ದಾರೆ ಅಂದ್ರು. ನನ್ನ ಕಾಫಿ ಕುಡಿದು ಹೊರಟ್ರು.

ಎರ್ಮೆಸ್ ಬಾಯಿಬಿಟ್ಟು ಅಡುಗೆ ಹೊಗಳಿದವನಲ್ಲ. ಹುಂಜದ ಸಾರು ಮನಸ್ಸಿಗೆ ಬಂದ್ರೆ ಬಟ್ಟಲಲ್ಲಿ ಕೊನೆಗೆ ಉಳಿದ ಸಾರಿಗೆ ಕೆಂಪು ಲಂಬ್ರೂಸ್ಕೊ ವೈನು ಸುರಿದು, ಎತ್ತಿ ಗಟಗಟ ಕುಡೀತಾನೆ. ಅವರಪ್ಪನೂ ಹಾಗೇ ಮಾಡ್ತಿದ್ರಂತೆ. ಈ ನಡುವೆ ಒಂದು ದಿನ ಸುರೀತಾನೆ, ಎರಡು ದಿನ ಇಲ್ಲ.

ಡಿಸೆಂಬರ್ 8, ಮಧ್ಯಾಹ್ನ

ತೊರ್ತೆಲ್ಲೀನಿ ದಿನ, ಮಾಂಸದ ಹೂರಣ ತುಂಬಿ ಸಾರಲ್ಲಿ ಬೇಯಿಸೋ ಪುಟ್ಟ ಕಡುಬು. ಕ್ರಿಸ್‌ಮಸ್‌ಗೆ ಬೇಕಾದ್ದನ್ನೆಲ್ಲ ಇವತ್ತೇ ಮಡಚಿ ಫ್ರೀಜರಿಗೆ ಹಾಕೋದು. ಇವೊನ್ನೆ ಬಂದಿದ್ಲು, ತನ್ನದೇ ಲಟ್ಟಣಿಗೆ ತಂದಿದ್ಲು. ಹೂರಣ ನಿನ್ನೆಯೇ ಕಲಸಿಟ್ಟಿದ್ದೆ. ಹಂದಿಮಾಂಸ, ಮೊರ್ತದೆಲ್ಲ ಸಾಸೇಜು, ಚೀಸು, ಮೊಟ್ಟೆ, ಜಾಯಿಕಾಯಿ. ಜಾಯಿಕಾಯಿ ನಿನ್ನೆ ಹಾಕಿದ್ನಾ? ಹಾಕಿದ್ದೆ. ಹಾಕಿದ್ದೆ ತಾನೇ? ಮೂಸಿದ್ರೆ ಒಂದು ಕ್ಷಣದಲ್ಲಿ ಗೊತ್ತಾಗಬೇಕಾದ್ದು. ಬೆಳಿಗ್ಗೆ ಯಾರೂ ಇಲ್ಲದಾಗ ಇನ್ನೊಂದು ಸಲ ತುರಿದೆ.

ಹಿರೀ ಹೆಂಗಸು ಮೂಸಿ 'ಮುಚ್ಚಿ' ಅನ್ನೋ ತನಕ ಒಂದೂ ಮಡಚೋ ಹಾಗಿಲ್ಲ. ಬಟ್ಟಲು ಅತ್ತೆಗೆ ಹಿಡಿದೆ. ಮೂಗು ಇಳಿಸಿದ್ರು. ಹೊತ್ತು ತಗೊಂಡ್ರು. ನನ್ನ ಮುಖ ನೋಡಿದ್ರು.

"ಚೆನ್ನಾಗಿದೆ. ಮುಚ್ಚಿ."

ಮಡಚಿದ್ವಿ. ಮೇಜಿನ ತುಂಬ ಸಾಲುಸಾಲು. ಮಧ್ಯಾಹ್ನಕ್ಕೆ ವಾಡಿಕೆಯಂತೆ ಒಂದೊಂದು ಬಟ್ಟಲು ಬೇಯಿಸಿದೆ. ಇವೊನ್ನೆ ಒಂದು ಬಾಯಿಗಿಟ್ಟು ಚಮಚ ಕೆಳಗಿಟ್ಟಳು.

"ಅತ್ತಿಗೆ, ಜಾಯಿಕಾಯಿ ಡಬ್ಬಿನೇ ಬಿತ್ತಾ?"

ಎರ್ಮೆಸ್ ತಲೆ ತಗ್ಗಿಸಿ ಪೂರ್ತಿ ತಿಂದ. ವೈನಿನ ಬಾಟ್ಲಿ ಕೈಗೆ ಹತ್ತಿರದಲ್ಲೇ ಇತ್ತು. ಮುಟ್ಟಲಿಲ್ಲ. ಅತ್ತೆ ಅವನ ಕೈಯನ್ನೇ ನೋಡ್ತಿದ್ರು, ನಾನೂ ಅದನ್ನೇ ನೋಡ್ತಿದ್ದೆ.

"ಈ ಸಲ ಕ್ರಿಸ್‌ಮಸ್ ನಮ್ಮನೇಲಿ ಇಟ್ಕೊಳ್ಳೋಣ" ಅಂದ್ಲು ಇವೊನ್ನೆ, ಮೆತ್ತಗೆ. "ಅತ್ತಿಗೆಗೂ ಸ್ವಲ್ಪ ವಿಶ್ರಾಂತಿ. ಪಾಪ, ಜ್ವರ ಬಂದಾಗಿಂದ ಸುಸ್ತಾಗಿದ್ದಾರೆ."

ಕೆಟ್ಟವಳಲ್ಲ ಅವಳು. ಅದಕ್ಕೇ ನೋಡೋಣ ಅಂದೆ.

ಅದೇ ದಿನ, ಸಂಜೆ

ಹೋಯ್ತು. ನಾಳೆ ಅವಳಿಗೆ ಫೋನ್ ಮಾಡಿ ಆಯ್ತು ಅಂತೀನಿ. ಅತ್ತೆ ಮೇಲೆ ಸಿಟ್ಟು ಉರೀತಿದೆ. ಮೂಸಿದ್ರು. ಗೊತ್ತಾಗಿರುತ್ತೆ. 'ಮುಚ್ಚಿ' ಅಂದ್ರು. ಮಗಳ ಮುಂದೆ ನನ್ನನ್ನ ಬೀಳಿಸಿದ್ರು.

ಡಿಸೆಂಬರ್ 9

ಬರೆದುಬಿಡ್ತೀನಿ, ಮರೆಯೋ ಮುಂಚೆ.

ಬೆಳಿಗ್ಗೆ ಎರ್ಮೆಸ್ ಹೊರಟ ಮೇಲೆ ಕೇಳೇಬಿಟ್ಟೆ. "ಅತ್ತೆ, ನಿನ್ನೆ ಯಾಕೆ ಮುಚ್ಚಿ ಅಂದ್ರಿ? ಗೊತ್ತಾಗಲಿಲ್ವಾ?"

"ಇಲ್ಲ" ಅಂದ್ರು.

"ಅಷ್ಟು ಜಾಯಿಕಾಯಿ, ಗೊತ್ತಾಗಲಿಲ್ವಾ?"

"ಕೂತ್ಕೋ. ನಿಂತ್ಕೊಂಡು ಕೂಗಬೇಡ." ಕೂತೆ. ಅವರು ಏಪ್ರನ್ ಅಂಚು ಮಡಚ್ತಾ ಬಿಡಿಸ್ತಾ ಇದ್ರು. "ನಂಗೆ ವಾಸನೆ ಹೋಗಿ ಒಂಬತ್ತು ವರ್ಷ ಆಯ್ತು ಕಣೇ. ವಯಸ್ಸಿಗೆ ಹೋಗುತ್ತಂತೆ ಕೆಲವರಿಗೆ. ಯಾರಿಗೆ ಹೇಳ್ಲಿ? ಮೂಸೋ ಹಕ್ಕೊಂದು ಉಳಿದಿತ್ತು ಈ ಮನೇಲಿ ನಂಗೆ."

"ಮತ್ತೆ ಒಂಬತ್ತು ವರ್ಷ ಬೈದ್ರಲ್ಲ? ಲವಂಗ ಜಾಸ್ತಿ, ಬೆಣ್ಣೆ ಕಮಟು, ಅದು ಇದು?"

"ಎರ್ಮೆಸ್ ಕೈ ನೋಡಿ ಬೈತಿದ್ದೆ. ವೈನು ಸುರಿದ್ರೆ ಸಣ್ಣ ಬೈಗುಳ, ಸುರೀದಿದ್ರೆ ದೊಡ್ಡದು. ನಿನ್ನ ಕೈ ಮೇಲೆ ನಂಬಿಕೆ ಇತ್ತು, ನಡೀತಿತ್ತು."

ಮುಚ್ಚದ ಕಿಟಕಿ ಯಾಕೆ ಅಂತ ಆಗ ಹೊಳೀತು. ಗ್ಯಾಸ್ ಸೋರಿದ್ರೆ ಗೊತ್ತಾಗಲ್ಲ ಅನ್ನೋ ಹೆದರಿಕೆ. ಜುಲೈಯಲ್ಲಿ ರಗೂ ಸೀಯುವಾಗ ಎದುರಿಗೇ ಕೂತು ಸುಮ್ಮನಿದ್ದದ್ದೂ ಅದಕ್ಕೇ. ಒಂದು ಒಲೆ ಮುಂದೆ ಮೂಗಿಲ್ಲದ ಇಬ್ಬರು, ಇಬ್ಬರೂ ಒಬ್ಬರನ್ನೊಬ್ಬರು ನಂಬಿಕೊಂಡು. ನಗು ಬಂತು ನಂಗೆ, ಕೆಟ್ಟದಾಗಿ ನಕ್ಕೆ, ಅಳುನೂ ಜೊತೆಗೇ ಬಂತು.

"ಅಕ್ರೋಟು ಕುಯ್ದ ದಿನ ನೀನು 'ಆಹಾ' ಅಂದ್ಯಲ್ಲ, ಆಗ ತಿಳೀತು" ಅಂದ್ರು. "ನಾನೂ ಹಾಗೇ ಅಂತೀನಲ್ಲ. ಆಮೇಲೆ ನಿನ್ನನ್ನ ಬೈಯೋಕೆ ಬಾಯಿ ಬರಲಿಲ್ಲ."

"ನಿಮ್ಮ ಹೊಗಳಿಕೆಯಿಂದ ನಂಗೆ ನಿದ್ದೆ ಬಂದಿಲ್ಲ ಅತ್ತೆ."

"ನಂಗೂ ಅಭ್ಯಾಸ ಇಲ್ಲ. ಹಲ್ಲು ಕಚ್ಚಿಕೊಂಡು ಹೊಗಳಿದೀನಿ."

ಜಾಯಿಕಾಯಿ ಎರಡು ಸಲ ತುರಿದದ್ದನ್ನೂ ಹೇಳಿದೆ. ಆಮೇಲೆ ಫೋನ್ ಕೊಡು ಅಂದ್ರು. ಇವೊನ್ನೆಗೆ ಮಾಡಿಸಿದ್ರು. ನನ್ನೆದುರೇ.

"ನೋಡು, ಆ ಜಾಯಿಕಾಯಿ ಎರಡನೇ ಸಲ ತುರಿದವಳು ನಾನು. ಹೂಂ, ನಾನೇ. ಮರೆವು. ವಯಸ್ಸಾಗಿದೆ, ಏನ್ಮಾಡ್ತೀಯ. ದೆಯಾನ್ನ ನೋಡಿರಲಿಲ್ಲ. ಮೇಜು ಇಲ್ಲೇ ಹಾಕೋದು. ನಾನು ಸತ್ತ ಮೇಲೆ ನಿನ್ನ ಹೊಸ ಒಲೆ ಹಚ್ಚು."

ಫೋನ್ ಇಟ್ಟ ಮೇಲೆ ಕೈ ಒರೆಸಿಕೊಂಡ್ರು. ಈ ಸುತ್ತಿನಲ್ಲೆಲ್ಲ ನಮ್ಮತ್ತೆ ಆರ್ಜಿಯಮ್ಮನ ಮೂಗು ಅಂದ್ರೆ ಹೆಸರು. ಮದುವೆಮನೆಯವರು ಹೂರಣದ ಬಟ್ಟಲು ಹಿಡ್ಕೊಂಡು ಇವರ ಹತ್ರ ಬರ್ತಿದ್ರು. ಇನ್ನು ಮುದುಕಿಗೆ ಅರಳುಮರಳು ಅಂತಾರೆ.

"ಯಾಕೆ ಅತ್ತೆ ಹಾಗೆ ಹೇಳಿದ್ರಿ?"

"ನನ್ನ ಹೆಸರು ಇನ್ನೆಷ್ಟು ದಿನಕ್ಕೆ ಬೇಕು? ನಿಂಗೆ ಒಲೆ ಇನ್ನೂ ತುಂಬ ವರ್ಷ ಬೇಕು. ಏಳು, ಹೂರಣ ನೋಡೋಣ."

ಮಡಚಿದ್ದನ್ನ ಪಕ್ಕಕ್ಕಿಟ್ವಿ, ಅದು ಎರ್ಮೆಸ್ ಹೊಟ್ಟೆಗೆ, ದಿನಕ್ಕಿಷ್ಟು. ಬಟ್ಟಲಲ್ಲಿ ಮಿಕ್ಕ ಹೂರಣಕ್ಕೆ ಜಾಯಿಕಾಯಿ ಹಾಕದ ಹೊಸ ಹೂರಣ ಅಷ್ಟೇ ಕಲಸಿ ಸೇರಿಸಿದ್ವಿ. ಅತ್ತೆ ತಮ್ಮ ವಿದ್ಯೆಯೆಲ್ಲ ಹೇಳಿಕೊಟ್ರು. ಈರುಳ್ಳಿ ಆಗಿದ್ದು ಸದ್ದಿಗೆ ಗೊತ್ತಾಗುತ್ತೆ, ಸಾರು ಆಗಿದ್ದು ಮೇಲೆ ತೇಲೋ ಜಿಡ್ಡಿನ ಗುಂಡು ಹನಿ ನೋಡಿದ್ರೆ. ಹಾಕಿದ ಪದಾರ್ಥದ ಡಬ್ಬ ತಕ್ಷಣ ಬೋರಲಿಡು, ಎರಡನೇ ಸಲ ಹಾಕಲ್ಲ. ಒಂಬತ್ತು ವರ್ಷದಿಂದ ಇವರು ಡಬ್ಬ ಬೋರಲಿಡೋದು ನೋಡಿ ಎಷ್ಟು ಬೈಕೊಂಡಿದ್ದೆ ಒಳಗೊಳಗೆ.

ಎರ್ಮೆಸ್‌ಗೆ ಹೇಳ್ಬೇಕು ಅಂದೆ. "ಹೇಳು, ನಿಂದು" ಅಂದ್ರು. "ನಂದು ಬೇಡ."

ಡಿಸೆಂಬರ್ 10

ರಾತ್ರಿ ಊಟಕ್ಕೆ ಮುಂಚೆ ಎರ್ಮೆಸ್‌ಗೆ ಹೇಳಿದೆ. ಕುರ್ಚಿ ಎಳೆದು ನನ್ನ ಪಕ್ಕ ಕೂತ. ಆಮೇಲೆ, "ಮಾರ್ಚ್‌ನಿಂದ ಒಬ್ಬಳೇ ಇಟ್ಕೊಂಡಿದ್ದೀಯಲ್ಲೇ" ಅಂದ. ಅಷ್ಟೇ ಅಂದದ್ದು. ಅಷ್ಟು ಸಾಕಾಯ್ತು.

ಡಿಸೆಂಬರ್ 25, ಇಳಿಹೊತ್ತು

ಎಲ್ಲ ಹೋದ್ರು. ಪಾತ್ರೆ ರಾಶಿ ಬಿದ್ದಿದೆ, ಬೀಳಲಿ.

ತೊರ್ತೆಲ್ಲೀನಿ ಸಾರು ಬಡಿಸಿದೆ. ಇವೊನ್ನೆ ಒಂದು ತಿಂದ್ಲು, ಇನ್ನೊಂದು ತಿಂದ್ಲು, ತಿಂತಾನೇ ಹೋದ್ಲು. ಎರ್ಮೆಸ್ ನನ್ನ ಕಡೆ ನೋಡಲಿಲ್ಲ. ಬಾಟ್ಲಿಗೆ ಕೈ ಹಾಕಿದ. ಸುರಿದ. ಬಟ್ಟಲೆತ್ತಿದ. ನನ್ನ ಸಮಾಧಾನಕ್ಕೆ ಸುರಿದ್ನೋ ಅಂತ ಒಂದು ಅನುಮಾನ ಬಂತು. ಆದ್ರೆ ಅವನು ಮತ್ತೊಂದು ಬಟ್ಟಲು ಹಾಕಿಸಿಕೊಂಡ. ಅದು ನಟನೆ ಅಲ್ಲ, ನಂಗೊತ್ತು.

ಅತ್ತೆ ಮಗನ ಕೈ ನೋಡಿದ್ರು. ಚಮಚ ಕೆಳಗಿಟ್ಟರು. ಎಲ್ಲರಿಗೂ ಕೇಳೋ ಹಾಗೆ, "ಜಾಯಿಕಾಯಿ ಸಾಲದು" ಅಂದ್ರು. "ನಲವತ್ತು ವರ್ಷ ಆಯ್ತು, ಇನ್ನೂ ಪೇಟೆ ಕೈ."

ಸಣ್ಣ ಬೈಗುಳ. ಎದ್ದು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಇವೊನ್ನೆ "ಅಮ್ಮಾ, ಹಬ್ಬದ ದಿನ" ಅಂತ ಗದರಿದ್ಲು. ಪಾಪ, ಅವಳಿಗೇನು ಗೊತ್ತು.

ಈಗ ನಾನು, ಅತ್ತೆ ಒಲೆ ಮುಂದೆ. ಹೊಸ ನೊಚೀನೊ, ಪುಟ್ಟ ಲೋಟ. ಸಿಹಿ, ಕಹಿ, ಗಂಟಲಲ್ಲಿ ಬೆಚ್ಚಗೆ ಇಳಿಯುತ್ತೆ. ಅಷ್ಟು ಸಿಗುತ್ತೆ ಇಬ್ಬರಿಗೂ. ಅತ್ತೆ ಲೋಟ ಮೂಗಿಗೆ ಹಿಡಿದು "ಆಹಾ" ಅಂದ್ರು, ನನ್ನ ನೋಡಿ ನಕ್ಕರು. ನಾನೂ "ಆಹಾ" ಅಂದೆ. ಇವರ ಜೊತೆ ಹೀಗೆ ಕೂತದ್ದು ಇದೇ ಮೊದಲು. ಏಳೋ ಮನಸ್ಸಿಲ್ಲ.

ಎರ್ಮೆಸ್ ಅಂಗಳದಿಂದ ಕೂಗ್ತಿದ್ದಾನೆ, ಕಿಟಕಿಯಿಂದ ಏನೋ ಸೀದ ವಾಸನೆ ಬರ್ತಿದೆಯಂತೆ. ಅತ್ತೆ ನನ್ನ ಮುಖ ನೋಡಿದ್ರು, ನಾನು ಅವರ ಮುಖ. ಒಲೆ ಮೇಲೆ ಹಾಲು ಯಾರು ಇಟ್ಟ—