ಗೇಟಿನ ಹೊರಗೆ ನಿಂತ ಸುಣ್ಣ

ಪ್ರೆಸ್ಸಿನ ಹಿಂದಿನ ಕೋಣೆ
ಭಾನುವಾರ ಬೆಳಿಗ್ಗೆ

ದಿನವೂ ನನ್ನೊಂದಿಗೆ ಜಗಳವಾಡುತ್ತಿದ್ದು, ಈಗ ಅದನ್ನೂ ನಿಲ್ಲಿಸಿರುವ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ನಾಚಿಕೆಯಾಗುತ್ತಿದೆ. ಊಟ ಸೇರುತ್ತಿದೆ, ನಿದ್ದೆ ಬರುತ್ತಿಲ್ಲ. ಕಾಗದದ ಬಂಡಲುಗಳ ನಡುವೆ ಚಾಪೆ ಹಾಸಿಕೊಂಡಿದ್ದೇನೆ. ಮನೆಗೆ ಬರುವ ಮುಖವಿಲ್ಲ.

ನಿನ್ನೆ ಅಮ್ಮ ನನ್ನ ಬಟ್ಟೆ ತಂದುಕೊಟ್ಟು ಮೆಟ್ಟಿಲ ಮೇಲೆಯೇ ಕೂತಳು. ಒಳಗೆ ಬಾ ಎಂದರೆ ಬರಲಿಲ್ಲ. "ಅವಳು ನೀರು ತೊಳೆಯೋಕೆ ಹೋದಳು, ನೀನು ನೀರು ಉಳಿಸೋಕೆ ಹೋದೆ. ಇಬ್ಬರೂ ಸೇರಿ ಮನೆ ಮುಳುಗಿಸಿದ್ರಿ" ಎಂದಳು. ಆಮೇಲೆ, ನೀನು ಹೇಳದೇ ಇದ್ದುದನ್ನೆಲ್ಲ ಅವಳೇ ಹೇಳಿದಳು.

ಗಣಿಯ ಆಳದಿಂದ ಮೇಲೆ ಬರುವ ನೀರು ಕೆಂಪಗಿರುತ್ತದೆ, ಹುಳಿಯಾಗಿರುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ ಎಂದು ನಾನು ಎಷ್ಟು ಭಾಷಣಗಳಲ್ಲಿ ಕೂಗಿಲ್ಲ! ಅದಕ್ಕೆ ಸುಣ್ಣ ಕಲಸಿ, ವಿಷವನ್ನು ಕೆಸರಾಗಿ ತಳಕ್ಕಿಳಿಸಿ, ತಿಳಿಯಾದದ್ದನ್ನು ಮಾತ್ರ ಹಳ್ಳಕ್ಕೆ ಬಿಡುವುದು ನಿನ್ನ ಕೆಲಸ ಎಂಬುದೂ ಗೊತ್ತಿತ್ತು. ಆದರೆ ಅದನ್ನು ಕೆಲಸ ಎಂದು ನಾನು ಒಪ್ಪಿರಲಿಲ್ಲ. ಕಂಪನಿ ತನ್ನ ಪಾಪಕ್ಕೆ ಹೊಡೆಸಿದ ಬಣ್ಣ ಅದು, ಬಣ್ಣ ಹೊಡೆಯುವವಳು ನೀನು ಎಂದಿದ್ದೆ. ನೀನು ತಟ್ಟೆಯಿಂದ ತಲೆ ಎತ್ತದೆ, "ಕ್ರಾಂತಿ ಆಮೇಲೆ ಮಾಡು, ಮೊದಲು ಪಾತ್ರೆ ತೊಳಿ" ಎಂದಿದ್ದೆ. ನಾನು ತೊಳೆಯಲಿಲ್ಲ. ಬಾಗಿಲು ದಡಾರನೆ ಹಾಕಿಕೊಂಡು ಹೋದೆ.

ನಾನು ಓದಿದ್ದೆಲ್ಲ ಈ ಪ್ರೆಸ್ಸಿನಲ್ಲಿ ಮಡಚಿದ ಕರಪತ್ರಗಳನ್ನು. ಮಡಚುವಾಗ ಒಂದೊಂದು ಸಾಲು ಕಣ್ಣಿಗೆ ಬೀಳುತ್ತದೆ, ಸಾವಿರ ಸಲ ಬೀಳುತ್ತದೆ, ಕೊನೆಗೆ ನನ್ನದೇ ಮಾತು ಅನ್ನಿಸಿಬಿಡುತ್ತದೆ. ಗಣಿಗೆ ಹೋಗುವ ಪ್ರತಿ ಲಾರಿಯೂ ಹಳ್ಳದ ಎದೆಯ ಮೇಲೆ ಹರಿಯುತ್ತದೆ ಎಂಬುದು ಅಂಥದೊಂದು ಸಾಲು. ಹಳ್ಳ ಉಳಿಸಲು ನಮ್ಮ ಸಮಿತಿ ಗಣಿಯ ಗೇಟಿನ ಮುಂದೆ ಧರಣಿ ಕೂತ ದಿನ ನಾನು ಮೈಕಿನಲ್ಲಿ ಅದನ್ನೇ ಹೇಳಿದೆ. ಆಂಬ್ಯುಲೆನ್ಸ್ ಬಿಟ್ಟೆವು. ಕ್ಯಾಂಟೀನಿನ ತರಕಾರಿ ಗಾಡಿಯನ್ನೂ ಬಿಟ್ಟೆವು, ಕಾರ್ಮಿಕರ ಹೊಟ್ಟೆಯ ಮೇಲೆ ಹೊಡೆಯಬಾರದೆಂದು. ಸುಣ್ಣದ ಲಾರಿಯನ್ನು ಬಿಡಲಿಲ್ಲ. ಅದರಲ್ಲಿ ಏನಿದೆ ಎಂದು ನಾವು ಯಾರೂ ಕೇಳಲಿಲ್ಲ ಅಕ್ಕ. ಚೀಲಗಳು ಕಂಡವು, ಬಿಳಿ ಪುಡಿ ಕಂಡಿತು, ಯಾವುದೋ ರಾಸಾಯನಿಕ ಅಂದುಕೊಂಡೆವು. ಜನ ಟಯರಿನ ಮುಂದೆ ಮಲಗಿದರು. ಎಲ್ಲರಿಗಿಂತ ಮೊದಲು ಮಲಗಿದವಳು ನಾನು.

ಒಳಗೆ ನಿನ್ನ ಸುಣ್ಣ ಮುಗಿಯಿತು. ಗಣಿಯೊಳಗೆ ಆಳುಗಳಿದ್ದರಿಂದ ಪಂಪು ನಿಲ್ಲಿಸುವ ಹಾಗಿರಲಿಲ್ಲ. ಹುಳಿ ನೀರು ಹೊಂಡ ತುಂಬಿತು, ಮೇಲಿಂದ ಮಳೆಯೂ ಹಿಡಿಯಿತು. ಮಣ್ಣಿನ ಏರಿ ಜಿನುಗತೊಡಗಿತು. ಏರಿಯ ಕೆಳಗೇ ಕಾರ್ಮಿಕರ ಮನೆಗಳ ಸಾಲು. ಮ್ಯಾನೇಜರಿಗೆ ಫೋನ್ ಮಾಡಿದೆಯಂತೆ, ಅವರು ಎತ್ತಲಿಲ್ಲವಂತೆ. ಏರಿ ಒಡೆಯುವುದಕ್ಕಿಂತ ತೂಬು ತೆಗೆಯುವುದೇ ಮೇಲೆಂದು ನೀನೇ ಹೋಗಿ ಚಕ್ರ ತಿರುಗಿಸಿದೆ. ಹಳ್ಳ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಬಟ್ಟೆ ಒಗೆಯುವ ಕಲ್ಲುಗಳ ಮೇಲೆ ಆ ಕಲೆ ಇನ್ನೂ ಹಾಗೇ ಇದೆ.

ಚಕ್ರ ತಿರುಗಿಸುತ್ತಿರುವ ಹೆಂಗಸಿನ ಚಿತ್ರ ನಮ್ಮ ಕರಪತ್ರದಲ್ಲಿ ಬಂತಲ್ಲ, ಅದನ್ನು ತೆಗೆದವರು ಬೇರೆ. ಅದರ ಕೆಳಗಿನ ಮಾತು ನನ್ನದು. 'ವಿಷ ಬಿಟ್ಟ ಕೈ.' ಮಳೆಕೋಟಿನ ಟೋಪಿಯಲ್ಲಿ ಮುಖ ಕಾಣುತ್ತಿರಲಿಲ್ಲ. ಅಚ್ಚಾಗಿ ಬಂದ ಹಾಳೆಗಳನ್ನು ಮಡಚುತ್ತಾ ಕೂತಿದ್ದಾಗ ಗಮನಿಸಿದೆ, ಆ ಹೆಂಗಸು ಚಕ್ರವನ್ನು ಎಡಗೈಯಲ್ಲಿ ಹಿಡಿದಿದ್ದಳು. ನಮ್ಮ ಮನೆಯಲ್ಲಿ ಎಡಚಿ ನೀನೊಬ್ಬಳೇ. ಗೊತ್ತಾದ ಮೇಲೂ ನಾನು ಮಡಚುವುದನ್ನು ನಿಲ್ಲಿಸಲಿಲ್ಲ. ಕೈ ತನ್ನಷ್ಟಕ್ಕೆ ಮಡಚುತ್ತಲೇ ಇತ್ತು.

ಕಂಪನಿಯನ್ನು ನಾನು ಕ್ಷಮಿಸಿದ್ದೇನೆಂದು ತಿಳಿಯಬೇಡ. ಒಂದು ವಾರಕ್ಕೂ ಸಾಲದಷ್ಟು ಸುಣ್ಣ ಇಟ್ಟುಕೊಂಡು, ಬಿಂದಿಗೆಯಷ್ಟೇ ಚಿಕ್ಕ ಹೊಂಡ ತೋಡಿಸಿ, ಆಪತ್ತು ಬಂದಾಗ ಫೋನ್ ಎತ್ತದೆ, ಈಗ ಅಪ್ಪಣೆಯಿಲ್ಲದೆ ತೂಬು ತೆಗೆದಳೆಂದು ನಿನ್ನನ್ನು ಕೆಲಸದಿಂದ ತೆಗೆಯಲು ಹೊರಟವರ ಮೇಲೆ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಆದರೆ ನಿನ್ನ ಮೇಲಿನ ನಾಳೆಯ ವಿಚಾರಣೆಯಲ್ಲಿ ಅವರ ತಪ್ಪಿನ ಜೊತೆ ನಮ್ಮದೂ ಹೊರಬರದಿದ್ದರೆ ಎರಡೂ ನಿನ್ನ ತಲೆಯ ಮೇಲೆಯೇ ಕೂರುತ್ತವೆ.

ನಮ್ಮ ಸಮಿತಿಯ ಅಧ್ಯಕ್ಷರಿಗೆ ಇದನ್ನೇ ಹೇಳಿದೆ. ಟೀ ಕುಡಿಯುತ್ತಾ ಕೇಳಿಸಿಕೊಂಡು, "ತಂಗೀ, ಲಾರಿ ವಿಷಯ ಎತ್ತಿದರೆ ಅವರ ಕೈಗೆ ನಾವೇ ಕೋಲು ಕೊಟ್ಟ ಹಾಗೆ. ಒಬ್ಬಳ ಕೆಲಸ ದೊಡ್ಡದೋ, ಹಳ್ಳ ದೊಡ್ಡದೋ?" ಎಂದರು. ಹೋದ ತಿಂಗಳು ಈ ಪ್ರಶ್ನೆಯನ್ನು ನಾನೇ ಯಾರಿಗಾದರೂ ಕೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಈಗ, ಹಳ್ಳ ಕೆಟ್ಟದ್ದು ನಮ್ಮಿಂದಲೂ ಅಲ್ಲವೇ ಎಂದೆ. ಅವರು ಲೋಟ ಕೆಳಗಿಟ್ಟು, ನಿನಗೆ ಸುಸ್ತಾಗಿದೆ, ಮನೆಗೆ ಹೋಗು ಎಂದರು. ಯಾವ ಮನೆಗೆ?

ನಾಳೆ ನಾನು ಬರುತ್ತೇನೆ. ಲಾರಿ ತಡೆದದ್ದು ನಾವು ಎಂದು ಹೇಳುತ್ತೇನೆ. ಅಮ್ಮನಿಗೆ ಮಾತ್ರ ಬರಬೇಡವೆನ್ನು, ಹೊರಗೆ ನಮ್ಮವರೇ ನನ್ನನ್ನು ಬಯ್ಯುವುದನ್ನು ಅವಳು ಕೇಳಬಾರದು.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಯಾರೂ ಕೇಳಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹಾಳೆ ಬದಲಿಸಿ ಬರೆದರೂ ಅದೇ ಸುಳ್ಳು ಬಂತು, ಅದಕ್ಕೇ ಹಾಗೇ ಬಿಟ್ಟಿದ್ದೇನೆ. ಡ್ರೈವರ್ ಕೆಳಗಿಳಿದು ಬಂದು ನನ್ನೊಬ್ಬಳಿಗೇ ಹೇಳಿದ್ದ: "ಸುಣ್ಣ ಕಣಮ್ಮ, ನೀರು ತೊಳೆಯೋ ಕಡೆಗೆ. ಅಲ್ಲಿನ ಮೇಡಂ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ." ಆ ಮೇಡಂ ಯಾರೆಂದು ನನಗೆ ಗೊತ್ತಿರಲಿಲ್ಲವೇ? ಬೇರೆ ಯಾರ ಲಾರಿಯಾಗಿದ್ದರೂ ಬಹುಶಃ ಬಿಡುತ್ತಿದ್ದೆ. ಅಕ್ಕನ ಲಾರಿ ಬಿಟ್ಟಳು ಎಂದು ಜನ ನಕ್ಕಾರೆಂದು ಬಿಡಲಿಲ್ಲ. ನಾಳೆ ವಿಚಾರಣೆಯವರು ಮೊದಲು ಕೇಳುವುದೇ ಅದರಲ್ಲಿ ಏನಿತ್ತೆಂದು ಗೊತ್ತಿತ್ತೇ ಎಂದು. ಗೊತ್ತಿರಲಿಲ್ಲ ಅಂದುಬಿಡು ಎಂದು ಅಧ್ಯಕ್ಷರು ಹೇಳಿಕೊಟ್ಟಿದ್ದಾರೆ. ನೀನು ಎದುರಿಗೆ, ನನಗೆ ಕಾಣುವ ಹಾಗೆ ಕೂತಿರು. ಸುಳ್ಳು ಬರೆಯುವುದು ನನಗೆ ಬರುತ್ತದೆ. ನಿನ್ನ ಮುಖ ನೋಡಿಕೊಂಡು ಹೇಳುವುದು ಬರುವುದಿಲ್ಲ.